ಮಾಡೆಲ್ ವಿಮಾನ ಕ್ಲಬ್ಬಿಗೆ ಜಾಗ: ಕೆರೆ ಅಂಗಳವೋ, ಲೇಔಟೋ, ಎರೆ ಹೊಲವೋ, ಕೆಂಪು ನೆಲವೋ?

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಬರುತ್ತಿದೆ. ಏಳೆಂಟು ಜನ ಸೇರಿದ್ದೇವೆ, ಎಲ್ಲರ ಹತ್ತಿರವೂ ರಿಮೋಟ್ ವಿಮಾನ ಇದೆ, ಕ್ಲಬ್ ಅಂತ ಮಾಡಿ ಹಾರಿಸಲು ಒಂದು ಖಾಯಂ ಜಾಗ ಬೇಕು. ಒಬ್ಬರಿಗೆ ಊರಾಚೆಯ ಕೆರೆ ಅಂಗಳ ಕಣ್ಣಿಗೆ ಬಿದ್ದಿದೆ. ಇನ್ನೊಬ್ಬರಿಗೆ ಮನೆ ಏಳದ ಲೇಔಟಿನ ಟಾರ್ ರಸ್ತೆ. ಮತ್ತೊಬ್ಬರ ಮಾವನ ಹೊಲ ಖಾಲಿ ಬಿದ್ದಿದೆ. ಯಾವುದಕ್ಕೆ ದುಡ್ಡು ಹಾಕೋಣ?

ಜಾಗ ನೋಡಲು ಹೋದವರೆಲ್ಲ ಮೊದಲು ಕಾಲಡಿ ನೋಡುತ್ತಾರೆ. ಸಮತಟ್ಟಾಗಿದೆಯಾ, ಕಲ್ಲಿದೆಯಾ, ರನ್‌ವೇ ಎಷ್ಟುದ್ದ ಬರುತ್ತದೆ ಅಂತ. ನೆಲವನ್ನು ಜೆಸಿಬಿ ತಂದು ಸರಿಮಾಡಬಹುದು. ಮೇಲಿನ ಆಕಾಶ, ಪಕ್ಕದ ಹೊಲದ ಬೆಳೆ, ಮಾಲೀಕರ ಮನಸ್ಸು, ಇವನ್ನು ಯಾವ ಜೆಸಿಬಿಯೂ ಸರಿಮಾಡುವುದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ನೆಲದ ಸರದಿ ಕೊನೆಗೆ.

ಮೊದಲು ಆಕಾಶ

ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ವಿಮಾನಕ್ಕೂ 2021ರ ಡ್ರೋನ್ ನಿಯಮಗಳೇ ಅನ್ವಯ. ಓದಿಗೆ, ಪ್ರಯೋಗಕ್ಕೆ, ಖುಷಿಗೆ ಅಂತ ಕಣ್ಣಳತೆಯೊಳಗೆ ಹಾರಿಸುವ, 25 ಕೆ.ಜಿ. ಮೀರದ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಡ್ರೋನ್ ಸರಿಯಿದೆ ಎಂಬ ಪ್ರಮಾಣಪತ್ರ) ಬೇಡ ಎಂಬ ರಿಯಾಯಿತಿ ಇದೆ. ಆದರೆ ಆಕಾಶದ ವಲಯಗಳ ವಿಚಾರದಲ್ಲಿ ರಿಯಾಯಿತಿ ಇಲ್ಲ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಅನುಮತಿ ಕೇಳದೆ ಹಾರಿಸಬಹುದು. ಹಳದಿಗೆ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು, ಅದು ಹವ್ಯಾಸಿಗಳಿಗೆ ಆಗುಹೋಗುವ ಮಾತಲ್ಲ. ಈ ವಲಯಗಳ ನಕ್ಷೆ ಸರ್ಕಾರದ ಡಿಜಿಟಲ್ ಸ್ಕೈ ಪೋರ್ಟಲ್‌ನಲ್ಲಿದೆ. 250 ಗ್ರಾಂ ಮೀರಿದ ವಿಮಾನಕ್ಕೆ ಥರ್ಡ್ ಪಾರ್ಟಿ ವಿಮೆಯನ್ನೂ ನಿಯಮ ಕೇಳುತ್ತದೆ.

ದಾವಣಗೆರೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಊರಿಗೆ ವಿಮಾನ ನಿಲ್ದಾಣವೇ ಇಲ್ಲ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ತೀರಾ ದೂರ. ನಿಲ್ದಾಣದ ಸುತ್ತಲಿನ ಹಳದಿ ವಲಯ 12 ಕಿ.ಮೀ. ದಾಟುವುದಿಲ್ಲ. ನಮಗೆ ನಿಲ್ದಾಣ ಇಲ್ಲ ಅನ್ನುವ ಕೊರಗು ಈ ಒಂದು ವಿಷಯದಲ್ಲಾದರೂ ಲಾಭಕ್ಕೆ ಬಂತು.

ಚಿತ್ರದುರ್ಗದವರ ಕಥೆ ಬೇರೆ. ಚಳ್ಳಕೆರೆಯ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ರುಸ್ತುಂ-2 ಡ್ರೋನ್ ಮೊದಲು ಹಾರಿದ್ದು ಅಲ್ಲಿ, 2016ರಲ್ಲಿ. ಇಸ್ರೋದ ಮರುಬಳಕೆಯ ರೆಕ್ಕೆಯ ಉಡಾವಣಾ ವಾಹನವನ್ನು 2023 ಮತ್ತು 2024ರಲ್ಲಿ ಒಟ್ಟು ಮೂರು ಸಲ ಹೆಲಿಕಾಪ್ಟರ್‌ನಿಂದ ಬಿಟ್ಟು ಇಳಿಸಿದ್ದೂ ಅದೇ ರನ್‌ವೇ ಮೇಲೆ. 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಒಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದ ಸುದ್ದಿ ನೆನಪಿರಬಹುದು. ಬಯಲು, ಕಡಿಮೆ ಮಳೆ, ವಿರಳ ಜನ: ಅವರಿಗೆ ಹಿಡಿಸಿದ ಗುಣಗಳೇ ನಮಗೂ ಹಿಡಿಸುತ್ತವೆ. ಅದಕ್ಕೇ ಹುಷಾರು. ಚಳ್ಳಕೆರೆ ದಿಕ್ಕಿನಲ್ಲಿ ಎಷ್ಟೇ ಒಳ್ಳೆಯ ಜಾಗ ಸಿಕ್ಕರೂ ನಕ್ಷೆಯಲ್ಲಿ ಸರ್ವೆ ನಂಬರ್‌ನ ಜಾಗ ಗುರುತಿಸಿ ನೋಡದೆ ಮಾತುಕತೆಗೆ ಕೂರಬೇಡಿ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಜೋಗಿಮಟ್ಟಿ ವನ್ಯಧಾಮ. ಗಾಳಿ ಎಷ್ಟೇ ಚೆನ್ನಾಗಿದ್ದರೂ ಗ್ಲೈಡರ್ ಹಿಡಿದು ಆ ಕಡೆ ಹೋಗುವಂತಿಲ್ಲ. ಹಾಗೆಯೇ ಅಮೃತಮಹಲ್ ಕಾವಲು. ಖಾಲಿ ಹುಲ್ಲುಗಾವಲು ಅಂತ ಕಂಡರೂ ಅದು ಅಮೃತಮಹಲ್ ದನಗಳಿಗೆ ಕಾದಿಟ್ಟ ನೆಲ, ಖಾಲಿ ಜಾಗ ಅಲ್ಲ.

ಪಕ್ಕದ ಹೊಲದಲ್ಲಿ ಏನಿದೆ?

ಇದನ್ನು ಯಾರೂ ಕೇಳುವುದೇ ಇಲ್ಲ. ನಾನು ಕೇಳುವ ಎರಡನೇ ಪ್ರಶ್ನೆಯೇ ಇದು.

ರನ್‌ವೇಗೆ ಬೇಕಾಗುವ ಜಾಗ ಸಣ್ಣದು. 100 ಮೀಟರ್ ಉದ್ದ, 20 ಮೀಟರ್ ಅಗಲ ಅಂದರೆ 2,000 ಚದರ ಮೀಟರ್, ಹತ್ತಿರ ಹತ್ತಿರ 20 ಗುಂಟೆ. ವಿಮಾನ ಜೋಡಿಸುವ ಜಾಗ, ಬೈಕು ಕಾರು ನಿಲ್ಲಿಸುವ ಜಾಗ ಸೇರಿಸಿದರೂ ಒಂದೂವರೆ ಎಕರೆ ಸಾಕು. ಆದರೆ ವಿಮಾನ ರನ್‌ವೇ ಮೇಲೆ ಇರುವುದು ಕೆಲವೇ ಸೆಕೆಂಡು. ಉಳಿದ ಹೊತ್ತೆಲ್ಲ ಆಚೆ ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ, ಬೇರೆಯವರ ಹೊಲದ ಮೇಲೆ ಸುತ್ತುತ್ತಿರುತ್ತದೆ. ಬಿದ್ದರೆ ಬೀಳುವುದೂ ಅಲ್ಲೇ.

ದಾವಣಗೆರೆ ಸುತ್ತ ಮುಂಗಾರಿನಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಆಗಸ್ಟ್ ಮುಗಿಯುವ ಹೊತ್ತಿಗೆ ಅದು ಆಳೆತ್ತರ ದಾಟಿರುತ್ತದೆ. ಅದರೊಳಗೆ ಬಿದ್ದ ಒಂದು ಮೀಟರಿನ ಥರ್ಮಾಕೋಲ್ ವಿಮಾನ ಮೂರು ಸಾಲಿನಾಚೆಯಿಂದ ಕಾಣುವುದಿಲ್ಲ. ನಾಲ್ಕು ಜನ ನಾಲ್ಕು ದಿಕ್ಕಿನಿಂದ ನುಗ್ಗುತ್ತಾರೆ. ಗರಿ ಮುಖಕ್ಕೆ ಹೊಡೆದು ಕುಯ್ಯುತ್ತದೆ, ಅರ್ಧ ಗಂಟೆಯಲ್ಲಿ ಹತ್ತಾರು ಗಿಡ ಮುರಿದಿರುತ್ತವೆ. ವಿಮಾನ ಸಿಗುವಷ್ಟರಲ್ಲಿ ಹೊಲದವರು ಬದುವಿನ ಮೇಲೆ ನಿಂತಿರುತ್ತಾರೆ. ಒಂದು ಸಲವಾದರೆ ನಕ್ಕು ಬಿಡುತ್ತಾರೆ. ಮೂರನೇ ಸಲಕ್ಕೆ ಜಗಳ, ನಾಲ್ಕನೇ ಸಲಕ್ಕೆ ನಿಮಗೆ ಜಾಗ ಕೊಟ್ಟವರ ಮೇಲೆ ಸಿಟ್ಟು. ಕ್ಲಬ್ ಮುಚ್ಚುವುದು ಹೀಗೆ.

ಭತ್ತದ ಗದ್ದೆ ಇನ್ನೊಂದು ಥರ. ಭದ್ರಾ ಕಾಲುವೆ ಬಯಲಿನಲ್ಲಿ ವಿಮಾನ ಬಿದ್ದರೆ ಕಣ್ಣಿಗೆ ಕಾಣುತ್ತದೆ, ರೆಕ್ಕೆಯೂ ಹೆಚ್ಚು ಮುರಿಯುವುದಿಲ್ಲ. ಆದರೆ ರಿಸೀವರ್, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆಯ ಪಟ್ಟಿ ತಿರುಗಿಸುವ ಸರ್ವೋ ಎಲ್ಲ ಕೆಸರು ನೀರಲ್ಲಿ. ಅಡಿಕೆ ತೋಟ ಎಲ್ಲಕ್ಕಿಂತ ಕೆಟ್ಟದ್ದು. ಚನ್ನಗಿರಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮರದ ತಲೆಯಲ್ಲಿ ಸಿಕ್ಕಿಕೊಂಡ ವಿಮಾನ ಇಳಿಸಲು ಮರ ಹತ್ತುವವರನ್ನೇ ಕರೆಯಬೇಕು, ಅವರಿಗೆ ಕೊಯ್ಲಿನ ಸಮಯದಲ್ಲಿ ಪುರುಸೊತ್ತಿರುವುದಿಲ್ಲ.

ಶೇಂಗಾ, ರಾಗಿ, ಕಡಲೆ ಪಕ್ಕದಲ್ಲಿದ್ದರೆ ನೆಮ್ಮದಿ. ಗಿಡ ಮೊಣಕಾಲು, ಹೆಚ್ಚೆಂದರೆ ಸೊಂಟದ ಮಟ್ಟ. ಒಬ್ಬರೇ ಸಾಲು ಹಿಡಿದು ಹೋಗಿ ತರಬಹುದು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಒಣಬೇಸಾಯದ ನೆಲ ನಮಗೆ ಒಗ್ಗುವುದಕ್ಕೆ ಇದೂ ಒಂದು ಕಾರಣ. ಯಾವ ಬೆಳೆಯಾದರೂ ಸರಿ, ಅಕ್ಕಪಕ್ಕದ ನಾಲ್ಕು ಹೊಲದವರನ್ನು ಮೊದಲೇ ಮಾತಾಡಿಸಿ. ಹೊಲಕ್ಕೆ ಇಳಿಯುವುದು ಒಬ್ಬರೇ, ಹಾಳಾದ ಗಿಡಕ್ಕೆ ದುಡ್ಡು ಅಲ್ಲೇ ಅಂತ ಮಾತಾಡಿಕೊಳ್ಳಿ. ವಿಮಾನಕ್ಕೆ ಕೂಗುವ ಬಜರ್ ಒಂದು ಹಾಕಿ. ಕೆಲವು ನೂರು ರೂಪಾಯಿಯ ಆ ವಸ್ತು ಅರ್ಧ ಜಗಳ ತಪ್ಪಿಸುತ್ತದೆ.

ಗಾಳಿ, ಬಿಸಿಲು, ಕಂಬ

ನಮ್ಮ ಸೀಮೆಯಲ್ಲಿ ಮುಂಗಾರು ತಿಂಗಳುಗಳಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ. ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದಿಂದ. ಹಾಗಾಗಿ ರನ್‌ವೇ ಪೂರ್ವ-ಪಶ್ಚಿಮ ಇದ್ದರೆ ವರ್ಷಪೂರ್ತಿ ಎದುರುಗಾಳಿಯಲ್ಲಿ ಏರಬಹುದು, ಇಳಿಸಬಹುದು. ಹಾರಿಸುವವರು ರನ್‌ವೇಯ ದಕ್ಷಿಣಕ್ಕೆ ನಿಂತು ಉತ್ತರಕ್ಕೆ ಮುಖ ಮಾಡಬೇಕು. ವರ್ಷದ ಬಹುಪಾಲು ಸೂರ್ಯ ಬೆನ್ನಿಗಿರುತ್ತಾನೆ. ಮೇಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಆ ಬಿಸಿಲಲ್ಲಿ ಮಧ್ಯಾಹ್ನ ಹಾರಿಸುವವರು ಯಾರು ಬಿಡಿ. ಅಂದರೆ ಪಾರ್ಕಿಂಗ್, ನೆರಳು, ದಾರಿ ಎಲ್ಲ ಜಾಗದ ದಕ್ಷಿಣ ಅಂಚಿಗೆ ಬರಬೇಕು. ಹೊಲಕ್ಕೆ ದಾರಿ ಉತ್ತರದಿಂದ ಮಾತ್ರ ಇದ್ದರೆ ಪ್ರತಿಯೊಬ್ಬರೂ ರನ್‌ವೇ ದಾಟಿ ಬರಬೇಕು. ಅಂಥ ಜಾಗಕ್ಕೆ ಒಂದು ಅಂಕ ಕಡಿಮೆ.

ಕಂಬದ ಲೆಕ್ಕ ಸುಲಭ. ಇಳಿಯುವ ವಿಮಾನ ಹತ್ತು ಮೀಟರ್ ಮುಂದೆ ಬರುವಷ್ಟರಲ್ಲಿ ಒಂದು ಮೀಟರ್ ಇಳಿಯುತ್ತದೆ ಅಂದುಕೊಳ್ಳಿ. ರನ್‌ವೇಯ ಗೆರೆಯಲ್ಲೇ 9 ಮೀಟರ್ ಎತ್ತರದ ಕಂಬ ಇದ್ದರೆ ಅದು ರನ್‌ವೇ ತುದಿಯಿಂದ ಕನಿಷ್ಠ 90 ಮೀಟರ್ ಆಚೆ ಇರಬೇಕು. ಪಂಪ್‌ಸೆಟ್ಟಿಗೆ ಎಳೆದ ವೈರು, ಮೂಲೆಯ ಟಿಸಿ (ಟ್ರಾನ್ಸ್‌ಫಾರ್ಮರ್), ಇವು ದೂರದಿಂದ ಕಾಣುವುದಿಲ್ಲ. ನಡೆದೇ ನೋಡಬೇಕು. ವೈರಿಗೆ ಸಿಕ್ಕ ವಿಮಾನವನ್ನು ಕೋಲಿನಿಂದ ಬಿಡಿಸಲು ಹೋಗಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ.

ಚಿತ್ರದುರ್ಗದವರಿಗೆ ಒಂದು ಮಾತು. ಗಾಳಿಯಂತ್ರಗಳು ನಿಂತಿರುವ ಗುಡ್ಡದ ಸಾಲು ಕಂಡರೆ ಆ ಜಾಗದ ಗಾಳಿ ಎಂಥದ್ದು ಅಂತ ಬೇರೆ ಅಳೆಯಬೇಕಾಗಿಲ್ಲ. ಗುಡ್ಡದ ಹಿಂಬದಿಯಲ್ಲಿ ಗಾಳಿ ಸುಳಿಯಾಗುತ್ತದೆ. ಜೂನ್, ಜುಲೈನಲ್ಲಿ ಗುಡ್ಡದ ಪೂರ್ವದ ಬುಡದಲ್ಲಿ ಹಗುರ ವಿಮಾನ ಹಾರಿಸುವುದು ಕಷ್ಟ. ಗುಡ್ಡದಿಂದ ದೂರ ಬನ್ನಿ.

ಕಾಗದ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಹಗುರ ಅಂತ ತಿಳಿಯಬೇಡಿ. ಪಹಣಿಯಲ್ಲಿ 9ನೇ ಕಾಲಂ ನೋಡಿ ಮಾಲೀಕರು ಯಾರೆಂದು ತಿಳಿದುಕೊಳ್ಳಿ, 11ನೇ ಕಾಲಂನಲ್ಲಿ ಸಾಲ, ತಕರಾರು ಏನಿದೆ ನೋಡಿ. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಒಬ್ಬರ ಒಪ್ಪಿಗೆ ಸಾಲದು. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯ್ದೆಯ ತಡೆ ಇದೆ. ಹಾಗಾಗಿ ಬಳಕೆಯ ಒಪ್ಪಂದವನ್ನು ವಕೀಲರ ಕೈಯಲ್ಲೇ ಬರೆಸಿ. ಕಟ್ಟಡ, ಕಾಂಕ್ರೀಟ್ ಅಂತ ಶುರುಮಾಡಿದರೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ಒಪ್ಪಂದ ಕ್ಲಬ್ಬಿನ ಹೆಸರಲ್ಲಿ ಇರಬೇಕಾದರೆ ಸಂಘವನ್ನು ನೋಂದಾಯಿಸಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು.

ಈಗ ಜಾಗಗಳಿಗೆ ಬರೋಣ

ಶಾಲೆ, ಕಾಲೇಜು ಮೈದಾನ. ಪುಕ್ಕಟೆ, ಊರೊಳಗೇ. ಭಾನುವಾರ ಬೆಳಗ್ಗೆ ಆರಕ್ಕೆ ಹೋದರೆ ಏಳೂವರೆಗೆ ಕ್ರಿಕೆಟ್ ಹುಡುಗರು ಬರುವ ತನಕ ನಿಮ್ಮದೇ. 250 ಗ್ರಾಂ ಒಳಗಿನ ಫೋಮ್ ವಿಮಾನಕ್ಕೆ, ಕಲಿಯುವವರಿಗೆ ಇಷ್ಟು ಸಾಕು. ಅದಕ್ಕಿಂತ ದೊಡ್ಡ ಯಾವ ವಿಮಾನಕ್ಕೂ ಸಾಲದು. ಸುತ್ತ ಕಟ್ಟಡ, ಮರ, ರಸ್ತೆ. ಇದಕ್ಕೆ ದುಡ್ಡು ಹಾಕುವ ಪ್ರಶ್ನೆಯೇ ಇಲ್ಲ.

ಮನೆ ಏಳದ ಲೇಔಟ್. ಟಾರ್ ರಸ್ತೆ ಸಿದ್ಧ ಇದೆ, ಊರಿಗೆ ಹತ್ತಿರ, ಮಳೆ ಬಂದರೂ ಮರುದಿನ ಹಾರಿಸಬಹುದು. ನುಣ್ಣನೆಯ ರನ್‌ವೇ ಬೇಕಾದ ಸಣ್ಣ ಚಕ್ರದ ವಿಮಾನಗಳಿಗೆ, ಕೊಳವೆಯೊಳಗೆ ಫ್ಯಾನ್ ತಿರುಗುವ ಡಕ್ಟೆಡ್ ಫ್ಯಾನ್ ಜೆಟ್‌ಗಳಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ತೊಂದರೆ ಏನೆಂದರೆ ರಸ್ತೆಯ ಎರಡೂ ಬದಿ ಬೀದಿದೀಪದ ಕಂಬ. ಒಂಬತ್ತು ಮೀಟರ್ ರಸ್ತೆಯಲ್ಲಿ ಅಡ್ಡಗಾಳಿಗೆ ಸ್ವಲ್ಪ ಸರಿದರೂ ರೆಕ್ಕೆ ಹೋಯಿತು. ಎರಡು ಮನೆ ಎದ್ದ ದಿನ ನಿಮ್ಮ ಹಾರಾಟ ಮುಗಿಯಿತು, ಮುಗಿಯಲೇಬೇಕು. ಎರಡು ಮೂರು ವರ್ಷದ ಜಾಗ ಅಂತ ತಿಳಿದು, ಲೇಔಟ್ ಮಾಡಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆದು ಬಳಸಿದರೆ ತಪ್ಪಿಲ್ಲ.

ಕೆರೆ ಅಂಗಳ. ನೋಡಿದವರೆಲ್ಲ ಮನಸೋಲುವುದು ಇಲ್ಲೇ. ವಿಶಾಲ, ಸಮತಟ್ಟು, ಕಂಬ ಇಲ್ಲ, ಬೆಳೆ ಇಲ್ಲ. ಹತ್ತು ವರ್ಷದಿಂದ ನೀರು ಬಂದಿಲ್ಲ ಸಾರ್ ಅಂತ ಊರವರೂ ಹೇಳುತ್ತಾರೆ. ಆ ಮಾತು ನಂಬಿ ಹಣ ಹಾಕಬೇಡಿ. 1933ರ ನಂತರ ಕೋಡಿ ಬೀಳದ ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ, ಭರಮಸಾಗರದ ಕೆರೆಗೆ ತುಂಗಭದ್ರೆಯಿಂದ ನೀರೆತ್ತುವ ಯೋಜನೆಗಳು ಬಂದಿವೆ. ಈ ಸೀಮೆಯಲ್ಲಿ ಒಣ ಕೆರೆ ಅಂದರೆ ಇನ್ನೂ ನೀರು ಬರದ ಕೆರೆ, ಅಷ್ಟೇ. ನೀರು ಬರಲಿ ಅನ್ನುವುದು ಊರಿನ ಆಸೆ, ಅದರ ಎದುರು ನಮ್ಮ ರನ್‌ವೇ ಯಾವ ಲೆಕ್ಕ? ಜೊತೆಗೆ ಕೆರೆ ನೆಲದ ಮೇಲೆ ಖಾಯಂ ಕೆಲಸ ಮಾಡಿದರೆ ಒತ್ತುವರಿ ಅಂತಲೇ ಆಗುತ್ತದೆ. ಫೆಬ್ರವರಿಯಿಂದ ಮೇ ತನಕ, ಪಂಚಾಯಿತಿಗೆ ತಿಳಿಸಿ, ಒಂದು ಗುದ್ದಲಿಯನ್ನೂ ಹಾಕದೆ ಹಾರಿಸಿ ಬನ್ನಿ. ದನ, ಕುರಿ ಮೇಯುವ ಹೊತ್ತು ತಪ್ಪಿಸಿ. ಅಂಚಿನಲ್ಲಿ ಊರಿನ ಕಸ ಸುರಿಯುವ ಜಾಗ ಇದ್ದರೆ ಹದ್ದುಗಳು ಇರುತ್ತವೆ. ಅವು ವಿಮಾನದ ಮೇಲೆ ಎರಗುವುದು ನೋಡಲು ಚೆಂದ, ಜೇಬಿಗೆ ಭಾರ.

ಎರೆ ಹೊಲ. ದಾವಣಗೆರೆ, ಹರಿಹರ ಸುತ್ತ ಸುಲಭವಾಗಿ ಸಿಗುವುದು ಇದೇ. ಏಪ್ರಿಲ್‌ನಲ್ಲಿ ನೋಡಿದರೆ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಸಣ್ಣ ಚಕ್ರ ಪೂರ್ತಿ ಇಳಿಯುತ್ತದೆ. ಮಳೆ ಬಿದ್ದರೆ ಚಪ್ಪಲಿಗೆ ಎರಡು ಕೆ.ಜಿ. ಮಣ್ಣು ಅಂಟಿಸಿಕೊಂಡೇ ನಡೆಯಬೇಕು, ಕಾರಂತೂ ದಾರಿಯಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ಎರೆ ಹೊಲದ ಕ್ಲಬ್‌ಗೆ ರಜೆ ಅಂತಲೇ ತಿಳಿಯಿರಿ. ಎರೆಯ ಮೇಲೆ ನೇರವಾಗಿ ಗರಸು ಹಾಕಿದರೆ ಒಂದೆರಡು ಮಳೆಗಾಲದಲ್ಲಿ ಗರಸು ಕೆಳಗಿಳಿದು ಎರೆ ಮೇಲೆ ಬರುತ್ತದೆ. ಮಧ್ಯೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಕಾಂಕ್ರೀಟ್ ಹಾಕಿದರೆ ನೆಲ ಉಬ್ಬಿ ಕುಗ್ಗಿ ಅದೂ ಸೀಳುತ್ತದೆ. ಎರೆಗೆ ಒಪ್ಪುವುದು ಗರಿಕೆ ಹುಲ್ಲು ಒಂದೇ, ಅದೂ ಪಕ್ಕದಲ್ಲಿ ನೀರಿದ್ದರೆ.

ಕೆಂಪು ನೆಲ. ಜಗಳೂರು ಕಡೆ, ಚಿತ್ರದುರ್ಗ ತಾಲ್ಲೂಕಿನಲ್ಲಿ ಬೇಕಾದಷ್ಟಿದೆ. ನೀರು ಇಂಗುತ್ತದೆ. ರಾತ್ರಿ ಸುರಿದ ಮಳೆಗೆ ಮಧ್ಯಾಹ್ನದ ಹೊತ್ತಿಗೆ ಕಾಲಿಡಬಹುದು. ಎರೆಗಿಂತ ಬೆಲೆ ಕಡಿಮೆ, ಬೀಳುಬಿಟ್ಟ ತುಂಡುಗಳೂ ಸಿಗುತ್ತವೆ. ಕಾಡುವುದು ಕಲ್ಲು ಮತ್ತು ದೂಳು. ಉರುಟು ಕಲ್ಲು ಪ್ರೊಪೆಲರ್ ತಿನ್ನುತ್ತದೆ, ಹೊಟ್ಟೆಯ ಮೇಲೆ ಇಳಿಯುವ ಫೋಮ್ ವಿಮಾನದ ತಳ ಸವೆಯುತ್ತದೆ, ದೂಳು ಪೆಟ್ರೋಲ್ ಎಂಜಿನ್ನಿನ ಕಾರ್ಬುರೇಟರ್‌ಗೆ ಹೋಗುತ್ತದೆ. ದೂರವೂ ಜಾಸ್ತಿ. ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ವನ್ಯಧಾಮದ ಗಡಿ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಇಷ್ಟೆಲ್ಲ ಹೇಳಿದರೂ ಹತ್ತು ವರ್ಷ ಉಳಿಯುವ ಕ್ಲಬ್ ಮಾಡುವವರಿಗೆ ನನ್ನ ಆಯ್ಕೆ ಇದೇ. ಕಲ್ಲು ಆರಿಸಿದರೆ ಹೋಗುತ್ತದೆ.

ಮೇಲ್ಮೈ: ಹುಲ್ಲೋ, ಗರಸೋ, ಟಾರೋ?

ಹುಲ್ಲಿನ ಮೇಲೆ ವಿಮಾನ ಇಳಿಸುವ ಸುಖವೇ ಬೇರೆ. ಆದರೆ ನೀರಿನ ಲೆಕ್ಕ ಹಾಕಿ. 2,000 ಚದರ ಮೀಟರಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಅಂದರೆ 10,000 ಲೀಟರ್, ಐದು ಸಾವಿರದ ಟ್ಯಾಂಕರ್ ಎರಡು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ತಾಲ್ಲೂಕುಗಳಲ್ಲಿ ಇದನ್ನು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬೇಸಿಗೆಯಲ್ಲಿ ಒಣಗಲು ಬಿಟ್ಟು ಮಳೆಗೆ ಮತ್ತೆ ಚಿಗುರಿಸುವ ಗರಿಕೆಯಾದರೆ ಸರಿ. ಕಾಲುವೆ ಬಯಲಿನವರು ಮಾತ್ರ ಹಸಿರು ರನ್‌ವೇಯ ಕನಸು ಕಾಣಬಹುದು.

ಗರಸಿಗೆ ಅಗಲ ಅರ್ಧ ಮಾಡಿಕೊಳ್ಳಿ. 100 ಮೀಟರ್ ಉದ್ದ, 10 ಅಗಲ, 15 ಸೆಂ.ಮೀ. ದಪ್ಪ ಅಂದರೆ 150 ಘನ ಮೀಟರ್. ರೋಲರ್ ಹೊಡೆದಾಗ ಕುಗ್ಗುವುದನ್ನು ಸೇರಿಸಿದರೆ ಆರು ಘನ ಮೀಟರಿನ ಟಿಪ್ಪರ್ ಮೂವತ್ತು ಲೋಡ್. ನಿಮ್ಮೂರಿನ ಲೋಡ್ ದರ ಕೇಳಿ ಗುಣಿಸಿಕೊಳ್ಳಿ, ರೋಲರ್ ಬಾಡಿಗೆ ಸೇರಿಸಿ. ಕೆಂಪು ನೆಲದಲ್ಲೇ ಜಾಗ ಮಾಡಿದರೆ ಈ ಖರ್ಚು ಬಹುಪಾಲು ಉಳಿಯುತ್ತದೆ. ಕೆಳಗಿರುವುದೇ ಗರಸು, ಮೇಲಿನದನ್ನು ಹೆರೆದು, ನೀರು ಹಾಕಿ ರೋಲರ್ ಹೊಡೆದರಾಯಿತು. ಮಧ್ಯೆ ಸ್ವಲ್ಪ ಉಬ್ಬು ಇಟ್ಟು ಎರಡೂ ಬದಿಗೆ ಇಳಿಜಾರು ಕೊಡಿ, ನೀರು ನಿಲ್ಲುವುದಿಲ್ಲ. ನುಣುಪು ಬೇಕಾದವರು ಇಳಿಯುವ ಜಾಗಕ್ಕೆ ಮಾತ್ರ ದಪ್ಪ ಜಿಯೋಟೆಕ್ಸ್‌ಟೈಲ್ ಹಾಸಿ ಅಂಚಿಗೆ ಉದ್ದ ಮೊಳೆ ಹೊಡೆಯಬಹುದು. ಜಾಗ ಬಿಡುವ ದಿನ ಸುತ್ತಿಕೊಂಡು ಹೋಗಬಹುದು ಅನ್ನುವುದು ಇದರ ದೊಡ್ಡ ಗುಣ.

ಟಾರ್, ಕಾಂಕ್ರೀಟ್ ಎರಡೂ ಟರ್ಬೈನ್ ಜೆಟ್ ಇರುವವರಿಗೆ. ಸ್ವಂತ ಜಮೀನು ಇಲ್ಲದೆ ಆ ಕಡೆ ತಲೆ ಹಾಕಬೇಡಿ.

ಯಾರಿಗೆ ಯಾವುದು?

ಫೋಮ್ ವಿಮಾನದ ವಿದ್ಯಾರ್ಥಿಗಳ ಗುಂಪಿಗೆ, ಬಜೆಟ್ ಸೊನ್ನೆ ಇದ್ದರೆ, ವಾರಕ್ಕೊಮ್ಮೆ ಕಾಲೇಜು ಮೈದಾನ, ಬೇಸಿಗೆಯಲ್ಲಿ ಕೆರೆ ಅಂಗಳ. 40-50 ಮೀಟರ್ ಓಟ ಸಾಕು, ಉಳಿದ ದುಡ್ಡು ಬ್ಯಾಟರಿಗೆ ಹಾಕಿ.

ಕೆಲಸಕ್ಕೆ ಹೋಗುವ ಏಳೆಂಟು ಜನ, ಒಂದೂವರೆ ಮೀಟರ್ ರೆಕ್ಕೆಯ ಟ್ರೈನರ್ ವಿಮಾನಗಳು, ತಿಂಗಳಿಗೆ ತಲಾ ಐನೂರೋ ಸಾವಿರವೋ ರೂಪಾಯಿ ಹಾಕಬಲ್ಲವರು: ಊರಿಂದ ಅರ್ಧ ಗಂಟೆಯೊಳಗಿನ ಹೊಲ ಹುಡುಕಿ. ಅರ್ಧ ಗಂಟೆ ದಾಟಿದರೆ ಮೂರನೇ ತಿಂಗಳಿಗೆ ಬರುವವರು ಇಬ್ಬರೇ. ಎರೆಯಾದರೆ ಕುಂಟೆ ಹೊಡೆಸಿ ಸಮ ಮಾಡಿ ಗರಿಕೆ ಬಿಡಿ, ಹೆಚ್ಚು ಖರ್ಚು ಬೇಡ. ಕೆಂಪಾದರೆ ಹೆರೆದು ರೋಲರ್ ಹೊಡೆಸಿ. ಒಂದು ಮುಂಗಾರು, ಒಂದು ಹಿಂಗಾರು ಅಲ್ಲೇ ಹಾರಿಸಿ ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಪಕ್ಕದವರು ಏನು ಬಿತ್ತುತ್ತಾರೆ ಎಲ್ಲ ತಿಳಿಯುತ್ತದೆ. ಗರಸಿನ ಲೋಡ್ ತರಿಸುವುದು ಆಮೇಲೆ.

ಪೆಟ್ರೋಲ್ ಎಂಜಿನ್ನಿನ ದೊಡ್ಡ ವಿಮಾನ ಇರುವವರಿಗೆ 150 ಮೀಟರ್ ಬೇಕು. ಇವರು ಒಂದೇ ಊರಿನಲ್ಲಿ ನಾಲ್ಕು ಜನ ಸಿಗುವುದಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯವರು ಸೇರಿ ಹೆದ್ದಾರಿ 48ರ ದಾರಿಯಲ್ಲಿ ಎರಡೂ ಊರಿನ ನಡುವೆ, ಭರಮಸಾಗರದ ಸುತ್ತ ನೋಡುವುದು ಜಾಣತನ. ಎರಡೂ ಊರಿಗೆ ಹೆಚ್ಚು ಕಡಿಮೆ ಒಂದೇ ದೂರ, ಖರ್ಚೂ ಅರ್ಧರ್ಧ. ಹೆದ್ದಾರಿಯಿಂದ ಮತ್ತು ಹೈಟೆನ್ಷನ್ ಲೈನಿನಿಂದ ಕನಿಷ್ಠ ಒಂದು ಕಿ.ಮೀ. ಒಳಗೆ ಹೋಗಿ.

ಯಾವ ಜಾಗವಾದರೂ ಮೊದಲ ವರ್ಷ ಶೆಡ್, ಬೇಲಿ, ಬೋರ್ಡು ಬೇಡ. ಗಾಳಿ ತೋರಿಸುವ ಬಟ್ಟೆಯ ಚೀಲ ಒಂದು, ರನ್‌ವೇ ಅಂಚಿನಿಂದ ಎಂಟು ಮೀಟರ್ ಹಿಂದೆ ಪೈಲಟ್‌ಗಳು ನಿಲ್ಲುವ ಸುಣ್ಣದ ಗೆರೆ, ಲಿಪೋ ಬ್ಯಾಟರಿಗೆ ಬೆಂಕಿ ಹತ್ತಿದರೆ ಸುರಿಯಲು ಎರಡು ಬಕೆಟ್ ಮರಳು, ಗಾಯಕ್ಕೆ ಹಾಕಲು ಔಷಧಿ ಪೆಟ್ಟಿಗೆ, ಕುಡಿಯಲು ನೀರಿನ ಕ್ಯಾನ್. ನೆರಳಿಗೆ ದಕ್ಷಿಣದ ಬದುವಿನಲ್ಲಿ ಮಾಲೀಕರನ್ನು ಕೇಳಿ ಎರಡು ಹೊಂಗೆ ಸಸಿ ನೆಡಿ. ಕ್ಲಬ್ ಬೇರೆ ಕಡೆ ಹೋದರೆ ಅವು ಅವರಿಗೇ ಉಳಿಯುತ್ತವೆ.